ಹತ್ತು ಬ್ಲೈಂಡ್ ಉಳಿದಾಗ

ಪೋಕರ್ ಆಡುವಾಗ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆ, ಕಮ್ಮಿಯಾದವರನ್ನು ಗುರುತಿಸುವುದು ಸುಲಭ. ಅವರ ಮಾತು ನಿಂತುಹೋಗುತ್ತದೆ. ಎಲೆ ಎತ್ತಿ ನೋಡುತ್ತಾರೆ, ಬಿಡುತ್ತಾರೆ. ಮುಂದಿನ ಸಲವೂ ಅಷ್ಟೇ. ಒಂದು ಒಳ್ಳೆ ಎಲೆ ಬರಲಿ, ಆಮೇಲೆ ನೋಡೋಣ ಅನ್ನೋದು ಮುಖದಲ್ಲೇ ಕಾಣುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ತಾಳ್ಮೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಚಿಪ್ಸ್ ಕಮ್ಮಿ ಇದ್ದಾಗ ಕಾಯುವುದು ಖರ್ಚಿನ ಕೆಲಸ. ಆ ಖರ್ಚು ಲೆಕ್ಕ ಹಾಕದೆ ಕೂತರೆ, ಒಳ್ಳೆ ಎಲೆ ಬರುವ ಹೊತ್ತಿಗೆ ಅದನ್ನು ಆಡಿ ಗೆಲ್ಲೋಕೆ ಮುಂದೆ ಚಿಪ್ಸೇ ಇರುವುದಿಲ್ಲ.

ಈ ವಿಷಯ ಕನ್ನಡದಲ್ಲಿ ಬರೆಯಬೇಕು ಅಂತ ತುಂಬ ದಿನದ ಆಸೆ. ಪೋಕರ್ ಅಂದ ಕೂಡಲೇ ನಮ್ಮ ಕಡೆ ಜನರಿಗೆ ನೆನಪಾಗುವುದು ಒಂದೋ ಆಪ್‌ಗಳ ಜಾಹೀರಾತು, ಇಲ್ಲಾ ಇಸ್ಪೀಟು ಅಡ್ಡೆ ಮೇಲೆ ಪೊಲೀಸರ ದಾಳಿ. ಆಟದ ಒಳಗೆ ಎಂಥ ಚಂದದ ಲೆಕ್ಕ ಇದೆ ಅನ್ನೋದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರಲ್ಲೂ ಶಾರ್ಟ್ ಸ್ಟಾಕ್ ಆಟ, ಅಂದರೆ ಚಿಪ್ಸ್ ತೀರ ಕಮ್ಮಿಯಾದಾಗಿನ ಆಟ, ಪೆನ್ನು ಪೇಪರ್ ಹಿಡಿದು ಕೂತರೆ ಯಾರಾದರೂ ಕಲಿಯಬಹುದಾದ ಭಾಗ.

ನಮ್ಮದು ಗಂಗಾವತಿ. ಅಕ್ಕಿ ಗಿರಣಿಗಳ ಊರು. ಗೆಳೆಯರೊಬ್ಬರ ಗಿರಣಿಯ ಆಫೀಸು ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತೇವೆ. ನೆಲ್ಲಿನ ಸುಗ್ಗಿ ಇದ್ದಾಗ ಆಟ ಬಂದ್. ಆಗ ಆ ಕೋಣೆಯಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ಹೈಸ್ಕೂಲಿನ ಗಣಿತ ಮಾಸ್ತರು, ಮೆಡಿಕಲ್ ಅಂಗಡಿಯ ಹುಡುಗ, ದಲಾಲಿ ಅಂಗಡಿಯ ಇಬ್ಬರು ಅಣ್ಣತಮ್ಮಂದಿರು, ನನ್ನ ಸೋದರಮಾವ, ಇನ್ನೂ ಮೂರ್ನಾಲ್ಕು ಜನ. ಪೂರ್ತಿ ಸೇರಿದರೆ ಒಂಬತ್ತು. ಎಲ್ಲರಿಗೂ 5000 ಚಿಪ್ಸ್, ಪ್ಲಾಸ್ಟಿಕ್ಕಿನವು. ಪ್ರತಿ 15 ನಿಮಿಷಕ್ಕೆ ಬ್ಲೈಂಡ್, ಅಂದರೆ ಕಡ್ಡಾಯವಾಗಿ ಇಡಬೇಕಾದ ಚಿಪ್ಸ್, ಏರುತ್ತದೆ. ದುಡ್ಡು ಇಲ್ಲ. ಅದರ ಬದಲು ಯುಗಾದಿಯಿಂದ ಯುಗಾದಿಗೆ ಒಂದು ಅಂಕಪಟ್ಟಿ: ಮೊದಲು ಬಂದವರಿಗೆ 50, ಎರಡನೆಯವರಿಗೆ 30, ಮೂರನೆಯವರಿಗೆ 20. ಗೋಡೆಯ ಕ್ಯಾಲೆಂಡರ್ ಪಕ್ಕ ಆ ಪಟ್ಟಿ ತೂಗುತ್ತಿರುತ್ತದೆ.

ದುಡ್ಡು ಯಾಕಿಲ್ಲ ಅಂತ ಹೇಳಿಬಿಡುತ್ತೇನೆ. ದೀಪಾವಳಿ ಹೊತ್ತಿಗೆ ನಮ್ಮ ಭಾಗದ ಊರುಗಳಲ್ಲಿ ಅಂದರ್ ಬಾಹರ್ ಹೇಗೆ ನಡೆಯುತ್ತದೆ, ಅದರಿಂದ ಮನೆಗಳಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾನೂನೂ ಅತ್ತಿತ್ತ ಓಡಾಡಿದೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಪೋಕರ್‌ನಲ್ಲಿ ಜಾಣ್ಮೆ ಎಷ್ಟು, ಅದೃಷ್ಟ ಎಷ್ಟು ಅನ್ನೋ ವಾದ ಕೋರ್ಟುಗಳಲ್ಲಿ ನಡೆಯುತ್ತಲೇ ಇರಲಿ. ಜಾಣ್ಮೆಯ ಆಟ ಅಂತ ನಾನು ಮನಸಾರೆ ನಂಬುತ್ತೇನೆ. ಹಾಗೆ ನಂಬಿಯೇ, ದುಡ್ಡಿಲ್ಲದೆ ಆಡಬೇಕು ಅಂತಲೂ ಹೇಳುತ್ತೇನೆ. ಅಂಕಪಟ್ಟಿಯಲ್ಲಿ ಹೆಸರು ಕೆಳಗಿಳಿದರೂ ಸಾಕಷ್ಟು ಉರಿಯುತ್ತದೆ, ಕಲಿಯೋಕೆ ಅಷ್ಟು ಉರಿ ಸಾಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಆ ಐದರಲ್ಲಿ ಮೊದಲು ಮೂರು ಒಟ್ಟಿಗೆ ತೆರೆಯುತ್ತವೆ, ಅದು ಫ್ಲಾಪ್. ಆಮೇಲೆ ಒಂದು, ಮತ್ತೊಂದು. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಚಿಪ್ಸ್ ಇಡಬೇಕು: ಸಣ್ಣ ಬ್ಲೈಂಡ್, ದೊಡ್ಡ ಬ್ಲೈಂಡ್. ಆಟ ಮುಂದೆ ಹೋದಂತೆ ದೊಡ್ಡ ಬ್ಲೈಂಡಿನವರು ಆಂಟಿ ಅಂತ ಇನ್ನೊಂದಿಷ್ಟು ಸೇರಿಸುತ್ತಾರೆ. ಈ ಜವಾಬ್ದಾರಿ ಕೈಯಿಂದ ಕೈಗೆ ಸುತ್ತು ತಿರುಗುತ್ತದೆ. ಫ್ಲಾಪ್ ಬಿದ್ದ ಮೇಲೆ ಎಲ್ಲರಿಗಿಂತ ಕೊನೆಗೆ ಮಾತಾಡುವ ಜಾಗಕ್ಕೆ ಬಟನ್ ಅನ್ನುತ್ತಾರೆ, ಫ್ಲಾಪ್‌ಗೆ ಮೊದಲು ಅವರ ಹಿಂದೆ ಬ್ಲೈಂಡಿನ ಇಬ್ಬರು ಮಾತ್ರ ಇರುತ್ತಾರೆ. ಉಳಿದದ್ದು ಓದುತ್ತ ತಿಳಿಯುತ್ತದೆ.

ಈಗ ಖರ್ಚಿನ ಲೆಕ್ಕ. ಬ್ಲೈಂಡ್ 200-400, ಆಂಟಿ 400 ಅಂತಿಟ್ಟುಕೊಳ್ಳಿ. ನಿಮ್ಮ ಹತ್ತಿರ 4000 ಚಿಪ್ಸ್ ಇದೆ, ಅಂದರೆ ಹತ್ತು ದೊಡ್ಡ ಬ್ಲೈಂಡ್. ಒಂದು ಸುತ್ತಿಗೆ ನಿಮ್ಮಿಂದ ಹೋಗುವುದು 200, 400, 400, ಒಟ್ಟು 1000. ಏನೂ ಆಡದೆ ನಾಲ್ಕು ಸುತ್ತು ಕೂತರೆ ಕೈ ಖಾಲಿ. ಸ್ಟಾಕನ್ನು, ಅಂದರೆ ನಿಮ್ಮ ಹತ್ತಿರ ಇರುವ ಚಿಪ್ಸನ್ನು, ಒಂದು ಸುತ್ತಿನ ಖರ್ಚಿನಿಂದ ಭಾಗಿಸಿದರೆ ಬರುವ ಈ ಸಂಖ್ಯೆಗೆ ಎಂ ಅಂತ ಹೆಸರು. ಬ್ಯಾಕ್‌ಗ್ಯಾಮನ್ ಆಟದ ವಿಶ್ವ ಚಾಂಪಿಯನ್ ಆಗಿದ್ದ ಪಾಲ್ ಮ್ಯಾಗ್ರಿಯಲ್ ಹೆಸರಿನ ಮೊದಲ ಅಕ್ಷರ ಅದು. 1995ರಲ್ಲಿ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯ ಗೆದ್ದ ಡ್ಯಾನ್ ಹ್ಯಾರಿಂಗ್ಟನ್ ತಮ್ಮ ಬರಹಗಳಿಂದ ಇದನ್ನು ಮನೆಮಾತು ಮಾಡಿದರು. ಎಂ 20ಕ್ಕಿಂತ ಜಾಸ್ತಿ ಇದ್ದರೆ ಆರಾಮಾಗಿ ಆಡಿ. ಹತ್ತಕ್ಕಿಂತ ಕೆಳಗಿಳಿದರೆ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಐದಕ್ಕಿಂತ ಕೆಳಗೆ ಉಳಿಯುವುದು ಎರಡೇ: ಇರುವ ಚಿಪ್ಸ್ ಎಲ್ಲಾ ಹಾಕು, ಇಲ್ಲಾ ಬಿಡು.

ಹಾಗಾದರೆ ಒಂದೇ ಒಂದು ಸುತ್ತು ಕಾಯೋಣ, ತಪ್ಪೇನು ಅಂತ ಕೇಳಬಹುದು. ಹತ್ತರ ಜೋಡಿ ಅಥವಾ ಅದಕ್ಕಿಂತ ದೊಡ್ಡ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ: ಇಷ್ಟನ್ನೇ ಒಳ್ಳೆ ಎಲೆ ಅನ್ನೋಣ. ಎರಡು ಎಲೆಯ ಜೊತೆಗಳು ಒಟ್ಟು 1326. ಅದರಲ್ಲಿ ಈ ಒಳ್ಳೆಯವು 62. ಅಂದರೆ ಸುಮಾರು 21 ಕೈಗೆ ಒಂದು ಸಲ. ಒಂಬತ್ತು ಜನರ ಟೇಬಲ್‌ನಲ್ಲಿ ಒಂದು ಸುತ್ತು ಅಂದರೆ ಒಂಬತ್ತು ಕೈ. ಆ ಒಂಬತ್ತರಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 35. ಉಳಿದ 65 ಸಲ ಸುಮ್ನೆ 1000 ಚಿಪ್ಸ್ ಕೊಟ್ಟು ಕೂತಂತೆ. ಎಕ್ಕದ ಜೋಡಿಗೇ ಕಾಯುತ್ತೇನೆ ಅನ್ನುವವರೂ ಇದ್ದಾರೆ. ಅದು 221 ಕೈಗೆ ಒಂದು ಸಲ ಬರುವಂಥದ್ದು. ನಾಲ್ಕು ಸುತ್ತು ಪೂರ್ತಿ ಕೂತು ಕೈ ಖಾಲಿ ಮಾಡಿಕೊಂಡರೂ, ಅದು ಸಿಗುವ ಸಾಧ್ಯತೆ ನೂರಕ್ಕೆ 15.

ಇನ್ನೊಂದು ಏಟು ಗಡಿಯಾರದಿಂದ ಬೀಳುತ್ತದೆ. ಒಂಬತ್ತು ಜನ ಒಂದು ಸುತ್ತು ಮುಗಿಸುವ ಮೊದಲೇ ನಮ್ಮಲ್ಲಿ 15 ನಿಮಿಷ ಕಳೆದಿರುತ್ತದೆ. ಬ್ಲೈಂಡ್ 300-600, ಆಂಟಿ 600. ಈಗ ನಿಮ್ಮ ಹತ್ತಿರ 3000. ಹತ್ತು ಬ್ಲೈಂಡ್ ಇದ್ದದ್ದು ಐದಾಯಿತು, ಎಂ ನಾಲ್ಕು ಇದ್ದದ್ದು ಎರಡಾಯಿತು. ಒಂದು ಕೈಯನ್ನೂ ಸೋತಿಲ್ಲ, ಆದರೂ ಅರ್ಧ ಹೋಯಿತು! ಆಮೇಲೆ ಎಕ್ಕ-ರಾಜ ಬಂತು, ಎಲ್ಲಾ ಹಾಕಿದಿರಿ, ಒಬ್ಬರು ಕಾಲ್ ಮಾಡಿದರು, ಅಂದರೆ ಅಷ್ಟೇ ಚಿಪ್ಸ್ ಹಾಕಿ ಎದುರು ನಿಂತರು, ನೀವು ಗೆದ್ದಿರಿ ಅಂತಲೇ ಇಟ್ಟುಕೊಳ್ಳಿ. ಸಿಗುವುದು ಆರು ಸಾವಿರದ ಚಿಲ್ಲರೆ, ಅಂದರೆ ಹತ್ತು ಬ್ಲೈಂಡ್‌ನ ಆಸುಪಾಸು. ಅಷ್ಟೆಲ್ಲ ಗೆದ್ದೂ ಹಿಂದಿನ ಸುತ್ತಿನಲ್ಲಿ ಇದ್ದ ಜಾಗಕ್ಕೇ ಬಂದು ನಿಂತಿರಿ.

ಹಾಗಾದರೆ ಮಾಡುವುದೇನು? ಯಾರೂ ರೈಸ್ ಮಾಡದೆ, ಅಂದರೆ ಪಣ ಏರಿಸದೆ, ಆಟ ನಿಮ್ಮ ತನಕ ಬಂದರೆ, ಎಲೆ ಸಾಧಾರಣ ಇದ್ದರೂ ಎಲ್ಲಾ ಹಾಕುವುದು. ಮೊದಲ ಸಲ ಇದನ್ನು ಕೇಳಿದವರಿಗೆ ಹುಚ್ಚು ಅನ್ನಿಸುತ್ತದೆ. ಲೆಕ್ಕ ನೋಡಿ.

ನೀವು ಬಟನ್‌ನಲ್ಲಿದ್ದೀರಿ, 4000 ಇದೆ, ಮಧ್ಯದಲ್ಲಿ ಆಗಲೇ 1000 ಬಿದ್ದಿದೆ. ನಿಮ್ಮ ಕೈಯಲ್ಲಿ ಗುಲಾಮ-ಹತ್ತು. ಎಲ್ಲಾ ಹಾಕುತ್ತೀರಿ. ಬ್ಲೈಂಡಿನ ಇಬ್ಬರೂ ಬಿಟ್ಟರೆ 1000 ನಿಮ್ಮದು, ಅಂದರೆ ಸ್ಟಾಕಿನ ಕಾಲು ಭಾಗ, ಒಂದು ಎಲೆಯನ್ನೂ ತೋರಿಸದೆ. ದೊಡ್ಡ ಬ್ಲೈಂಡಿನವರು ಕಾಲ್ ಮಾಡಿದರೆ ಮಧ್ಯದಲ್ಲಿ 8600 ಸೇರುತ್ತದೆ. ಅವರ ಎಲೆ ನಿಮಗಿಂತ ಒಳ್ಳೆಯದೇ ಇರುತ್ತದೆ ಅಂತಿಟ್ಟುಕೊಂಡು ನಿಮ್ಮ ಗೆಲುವನ್ನು ನೂರಕ್ಕೆ 35 ಅಂತ ಹಿಡಿಯೋಣ. 8600ರಲ್ಲಿ 35 ಪಾಲು ಅಂದರೆ 3010. ನೀವು ಹಾಕಿದ್ದು 4000. ಕಾಲ್ ಆದಾಗ ಸರಾಸರಿ ನಷ್ಟ 990. ಬಿಟ್ಟಾಗ ಲಾಭ 1000. ಹಾಗಾಗಿ ಎರಡಕ್ಕೆ ಒಂದು ಸಲ ಅವರು ಬಿಟ್ಟರೂ ನಿಮಗೆ ನಷ್ಟವಿಲ್ಲ. ಹತ್ತು ಬ್ಲೈಂಡ್ ಕಟ್ಟಿ ಆಡುವವರ ಎದುರು ಬಹುತೇಕ ಜನ ಅರ್ಧಕ್ಕಿಂತ ಜಾಸ್ತಿ ಸಲ ಬಿಡುತ್ತಾರೆ. ಆ ಜಾಸ್ತಿಯೇ ನಿಮ್ಮ ಲಾಭ.

ಇಡೀ ಶಾರ್ಟ್ ಸ್ಟಾಕ್ ಆಟದ ಬೇರು ಇಲ್ಲಿದೆ. ಮೊದಲು ಹಾಕಿದವರಿಗೆ ಗೆಲ್ಲೋಕೆ ಎರಡು ದಾರಿ: ಎದುರಿನವರು ಬಿಡಬಹುದು, ಇಲ್ಲಾ ಎಲೆ ಗೆಲ್ಲಬಹುದು. ಕಾಲ್ ಮಾಡಿದವರಿಗೆ ಒಂದೇ ದಾರಿ, ಎಲೆಯೇ ಗೆಲ್ಲಬೇಕು. ಅದಕ್ಕೇ ಎಲ್ಲಾ ಹಾಕೋಕೆ ಸಾಕಾಗುವ ಎಷ್ಟೋ ಎಲೆಗಳು ಕಾಲ್ ಮಾಡೋಕೆ ಸಾಲುವುದಿಲ್ಲ. ಗುಲಾಮ-ಹತ್ತು ಹಿಡಿದು ಬಟನ್‌ನಲ್ಲಿ ಎಲ್ಲಾ ಹಾಕುತ್ತೇನೆ. ಅದೇ ಎಲೆ ಇದ್ದಾಗ ಇನ್ನೊಬ್ಬರು ನನಗಿಂತ ಮೊದಲು ಹತ್ತು ಬ್ಲೈಂಡ್ ಹಾಕಿದರೆ ಬಿಟ್ಟುಬಿಡುತ್ತೇನೆ. ನಮ್ಮ ಮೆಡಿಕಲ್ ಅಂಗಡಿ ಹುಡುಗನಿಗೆ ಇದು ಬಹಳ ದಿನ ಒಗಟಾಗಿತ್ತು. "ಅಣ್ಣಾ, ಎಲಿ ಅದ ಅಲ್ಲೇನ್ರಿ?" ಅಂತ ಕೇಳುತ್ತಿದ್ದ. ಎಲೆ ಅದೇ, ಆದರೆ ಎದುರಿನವರು ಬಿಡುವ ಸಾಧ್ಯತೆ ಹೋಗಿರುತ್ತದೆ.

ಆ ಸಾಧ್ಯತೆ ಚಿಪ್ಸ್ ಜೊತೆಗೇ ಕರಗುತ್ತದೆ ಅನ್ನೋದನ್ನು ಜನ ಮರೆಯುತ್ತಾರೆ. ಎರಡೇ ಬ್ಲೈಂಡ್, 800 ಉಳಿದಾಗ ಎಲ್ಲಾ ಹಾಕಿದಿರಿ ಅಂದುಕೊಳ್ಳಿ. ದೊಡ್ಡ ಬ್ಲೈಂಡಿನವರು ಇನ್ನು 400 ಸೇರಿಸಿದರೆ ಸಾಕು, ಮಧ್ಯದಲ್ಲಿ ಆಗಲೇ 1800 ಇದೆ. ಅವರಿಗೆ ನೂರಕ್ಕೆ 18 ಗೆಲುವಿದ್ದರೂ ಕಾಲ್ ಸರಿ. ಆಟದ ಅತಿ ಕೆಟ್ಟ ಎಲೆ ಅನ್ನಿಸಿಕೊಂಡ ಏಳು-ಎರಡಕ್ಕೂ ಎಕ್ಕ-ರಾಜನ ಎದುರು ಮೂರಕ್ಕೆ ಒಂದು ಸಲದ ಗೆಲುವಿದೆ. ಹಾಗಾಗಿ ಅವರು ಎಲೆ ನೋಡದೆಯೇ ಕಾಲ್ ಮಾಡಬಹುದು. ಎಂಟು ಬ್ಲೈಂಡ್ ಇದ್ದಾಗ ಇದ್ದ ಹೆದರಿಕೆ ಎರಡು ಬ್ಲೈಂಡಿಗೆ ಇಲ್ಲ. ಕಾದು ಕಾದು ಕಳೆದುಕೊಳ್ಳುವುದರಲ್ಲಿ ಚಿಪ್ಸಿಗಿಂತ ದೊಡ್ಡದು ಇದೇ.

ನನ್ನ ಸೋದರಮಾವನಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. ಅವರ ಹೊಲ ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಮುನಿರಾಬಾದಿನಲ್ಲಿ ಬಿಟ್ಟ ನೀರು ಗಂಗಾವತಿ, ಸಿಂಧನೂರು ದಾಟಿ ಅವರ ತನಕ ಬರಬೇಕು. ಬಂದರೆ ಬಂತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಈ ಭಾಗದ ರೈತರು ಎಷ್ಟು ನೀರು ಉಳಿಯುತ್ತದೆ ಅಂತ ದಿನಾ ಲೆಕ್ಕ ಹಾಕುತ್ತಿದ್ದರು. ಮಾವನಿಗೆ ಆ ಲೆಕ್ಕ ಪ್ರತಿ ವರ್ಷದ್ದು. ನೀರು ಬರುತ್ತದೆ ಅಂತ ಬಿತ್ತುವ ಹೊತ್ತು ಮೀರಿಸಿಕೊಂಡರೆ ನೆಲ್ಲೂ ಇಲ್ಲ, ಹತ್ತಿಯೂ ಇಲ್ಲ. ಇರುವಷ್ಟರಲ್ಲಿ ಯಾವುದಾದರೂ ಒಂದು ಅಂತ ಹೊತ್ತಿಗೆ ಮುಂಚೆ ತೀರ್ಮಾನ ಮಾಡಲೇಬೇಕು. ಆಟದಲ್ಲೂ ಅವರು ಹಾಗೇ. ಚಿಪ್ಸ್ ಹತ್ತು ಬ್ಲೈಂಡಿಗೆ ಇಳಿದ ಕೂಡಲೇ ಅವರ ಬೆನ್ನು ನೆಟ್ಟಗಾಗುತ್ತದೆ. ಒಮ್ಮೆ ಆ ಹುಡುಗನಿಗೆ ಹೇಳಿದರು: "ತಮ್ಮಾ, ಎಲಿ ಚೊಲೋ ಬರ್ಲಿ ಅಂತ ಕುಂತೀ. ಬರೂತನಾ ನಿನ್ನ ಹತ್ರ ಹಾಕಾಕ ಏನರ ಇರ್ತೈತೇನು?"

ಎಲ್ಲಿ ಕೂತಿದ್ದೀರಿ ಅನ್ನೋದೂ ಎಲೆಯಷ್ಟೇ ಮುಖ್ಯ. ನಿಮ್ಮ ಹಿಂದೆ ಇನ್ನೂ ಎಂಟು ಜನ ಮಾತಾಡೋದಿದ್ದರೆ, ಅವರಲ್ಲಿ ಒಬ್ಬರಾದರೂ ಮೇಲೆ ಹೇಳಿದ ಆ 62ರಲ್ಲಿ ಒಂದನ್ನು ಹಿಡಿದಿರುವ ಸಾಧ್ಯತೆ ನೂರಕ್ಕೆ 32. ಬಟನ್‌ನಲ್ಲಿ ಕೂತಾಗ ಹಿಂದೆ ಇಬ್ಬರೇ. ಅಲ್ಲಿ ನೂರಕ್ಕೆ 9. ಎರಡು ಮೂರರ ಜೋಡಿಯಂಥ ಸಣ್ಣ ಎಲೆ, ಎಕ್ಕದ ಜೊತೆ ಐದೋ ಆರೋ ಇರುವ ಎಲೆ, ಮೊದಲ ಜಾಗದಲ್ಲಿ ಬಿಡುವಂಥವು. ಬಟನ್‌ನಲ್ಲೋ ಸಣ್ಣ ಬ್ಲೈಂಡಿನಲ್ಲೋ ಅವೇ ಎಲ್ಲಾ ಹಾಕುವಂಥವು. ಜನ ಕಮ್ಮಿಯಾದಂತೆ ಈ ಪಟ್ಟಿ ಇನ್ನೂ ಅಗಲವಾಗುತ್ತದೆ. ಐದೇ ಜನ ಉಳಿದಾಗ ಸುತ್ತಿನ ಖರ್ಚು ಅಷ್ಟೇ ಇರುತ್ತದೆ, ಆದರೆ ಸುತ್ತು ಬೇಗ ಬೇಗ ಬರುತ್ತದೆ. ಇದನ್ನು ಗಮನಿಸದೆ ಒಂಬತ್ತು ಜನರ ಆಟವನ್ನೇ ಐದು ಜನರ ನಡುವೆ ಆಡುವವರು ಬಹಳ.

ಎಲೆ ಆರಿಸುವಾಗ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಎಕ್ಕ ಇದ್ದರೆ ಸಾಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಎಕ್ಕ-ನಾಲ್ಕು ಹಾಕಿದಿರಿ, ಎದುರಿನವರು ಎಕ್ಕ-ರಾಜ ತೋರಿಸಿದರು ಅಂದರೆ ನಿಮ್ಮ ಗೆಲುವು ನೂರಕ್ಕೆ 30ರ ಒಳಗೇ. ನಿಮ್ಮ ಎಕ್ಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ಅವರಿಗೂ ಇದೆ. ಅದೇ ಎಕ್ಕ-ರಾಜನ ಎದುರು ಒಂದೇ ಗುರುತಿನ ಎಂಟು-ಏಳು ಇದ್ದರೆ ಗೆಲುವು ಸುಮಾರು 41. ಕಣ್ಣಿಗೆ ಬಡವಾಗಿ ಕಾಣುವ ಎಲೆ ಕಾಲ್ ಆದಾಗ ಎಷ್ಟೋ ಸಲ ಜಾಸ್ತಿ ತಾಳುತ್ತದೆ. ಹಾಗಂತ ಎಂಟು-ಏಳು ಎಕ್ಕ-ನಾಲ್ಕಕ್ಕಿಂತ ಒಳ್ಳೆ ಎಲೆ ಅಂತ ತಿಳಿಯಬೇಡಿ. ಎಕ್ಕ ನಿಮ್ಮ ಕೈಯಲ್ಲಿದ್ದರೆ ಎದುರಿನವರಿಗೆ ಎಕ್ಕ ಇರುವುದು ಕಮ್ಮಿಯಾಗುತ್ತದೆ, ಅವರು ಬಿಡುವುದು ಜಾಸ್ತಿಯಾಗುತ್ತದೆ. ಎರಡೂ ಕಡೆ ತೂಗಬೇಕು. ಸಣ್ಣ ಜೋಡಿಗಳ ಕಥೆ ಬೇರೆ: ಐದರ ಜೋಡಿಗೆ ಎಕ್ಕ-ರಾಜನ ಎದುರು ಸುಮಾರು 55, ದೊಡ್ಡ ಜೋಡಿಯ ಎದುರು ಸುಮಾರು 20. ಯಾರಾದರೂ ಕಾಲ್ ಮಾಡಿದಾಗ ಇವೆರಡರಲ್ಲಿ ಒಂದು ಎದುರು ಬರುತ್ತದೆ.

ಚಿಪ್ಸ್ ಕಮ್ಮಿ ಇದ್ದಾಗ ಮಾಡಲೇಬಾರದ್ದು ಅರ್ಧಂಬರ್ಧ ಆಟ. ಎಂಟು ಬ್ಲೈಂಡ್ ಇಟ್ಟುಕೊಂಡು ಒಂದು ಬ್ಲೈಂಡ್ ಕೊಟ್ಟು ಫ್ಲಾಪ್ ನೋಡೋಣ ಅಂತ ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜೋಡಿಯಿಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಜೋಡಿ ಸಿಗುವುದು ಮೂರಕ್ಕೆ ಒಂದು ಸಲ. ಸಣ್ಣ ಜೋಡಿಗೆ ಮೂರನೆಯದು ಸಿಗುವುದು ಎಂಟು ಒಂಬತ್ತು ಸಲಕ್ಕೆ ಒಮ್ಮೆ. ದೊಡ್ಡ ಸ್ಟಾಕಿದ್ದರೆ ಅದಕ್ಕೆ ಕಾಯಬಹುದು, ಸಿಕ್ಕಾಗ ಹತ್ತುಪಟ್ಟು ವಸೂಲಾಗುತ್ತದೆ. ಎಂಟು ಬ್ಲೈಂಡಿನಲ್ಲಿ ವಸೂಲಾಗುವಷ್ಟು ಏನೂ ಇಲ್ಲ. ಮೂರು ಬ್ಲೈಂಡಿಗೆ ರೈಸ್ ಮಾಡಿ, ಎದುರಿನವರು ಎಲ್ಲಾ ಹಾಕಿದಾಗ ಬಿಡುವುದು ಇನ್ನೂ ಕೆಟ್ಟದ್ದು. ಆಡುತ್ತೀರಾ, ಪೂರ್ತಿ ಆಡಿ. ಇಲ್ಲಾ, ಮೊದಲೇ ಬಿಡಿ.

ಹದಿನೈದು ಇಪ್ಪತ್ತು ಬ್ಲೈಂಡ್ ಇದ್ದಾಗ ಇನ್ನೊಂದು ಆಯುಧ ಇರುತ್ತದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಯಾರೋ 900ಕ್ಕೆ ರೈಸ್ ಮಾಡಿದ್ದಾರೆ. ಬಟನ್‌ನಲ್ಲಿ ನಿಮ್ಮ ಹತ್ತಿರ 6400 ಇದೆ. ಮಧ್ಯದಲ್ಲಿ ಆಗಲೇ 1900 ಬಿದ್ದಿದೆ, ನಿಮ್ಮ ಸ್ಟಾಕಿನ ಸುಮಾರು 30 ಪಾಲು. ಈಗ ಎಲ್ಲಾ ಹಾಕಿದರೆ, ಸುಮ್ನೆ ಬ್ಲೈಂಡ್ ಎತ್ತಿಕೊಳ್ಳೋಣ ಅಂತ ರೈಸ್ ಮಾಡಿದವರು ಬಹಳ ಸಲ ಬಿಡುತ್ತಾರೆ. ಯಾರ ಮೇಲೆ ಇದನ್ನು ಮಾಡಬೇಕು ಅನ್ನೋದೇ ಜಾಣ್ಮೆ. ಅಪರೂಪಕ್ಕೆ ರೈಸ್ ಮಾಡುವವರ ಮೇಲೆ ಮಾಡಿದರೆ ಅವರು ಎಲೆ ಹಿಡಿದೇ ಕೂತಿರುತ್ತಾರೆ. ಪ್ರತಿ ಎರಡು ಮೂರು ಕೈಗೆ ರೈಸ್ ಮಾಡುವವರನ್ನು ಆರಿಸಿ. ಟೇಬಲ್ ಸುತ್ತ ಗಮನ ಇಟ್ಟವರಿಗೆ ಮಾತ್ರ ಇದು ಕಾಣುತ್ತದೆ. ಎಲೆ ಬಿಟ್ಟ ಮೇಲೆ ಮೊಬೈಲ್ ನೋಡುವವರಿಗೆ ಕಾಣುವುದಿಲ್ಲ.

ದೊಡ್ಡ ಬ್ಲೈಂಡಿನಲ್ಲಿ ಆರು ಬ್ಲೈಂಡ್ ಆಸುಪಾಸು ಉಳಿದಾಗ ಇನ್ನೊಂದು ಉಪಾಯ ಇದೆ, ಸ್ಟಾಪ್ ಅಂಡ್ ಗೋ ಅಂತ. ಎದುರಿನವರು ರೈಸ್ ಮಾಡಿದಾಗ ಅಲ್ಲೇ ಎಲ್ಲಾ ಹಾಕಿದರೆ ಅವರು ಹೇಗೂ ಕಾಲ್ ಮಾಡುತ್ತಾರೆ. ಅದರ ಬದಲು ಕಾಲ್ ಮಾಡಿ, ಫ್ಲಾಪ್ ಬಿದ್ದ ಕೂಡಲೇ ಏನೇ ಬಿದ್ದಿರಲಿ ಉಳಿದದ್ದನ್ನೆಲ್ಲ ಮೊದಲು ಹಾಕುವುದು. ಫ್ಲಾಪ್‌ನಲ್ಲಿ ಏನೂ ಸಿಗದ ರಾಜ-ಗುಲಾಮನಿಗೆ ಆಗ ಕಾಲ್ ಮಾಡೋಕೆ ಕೈ ಬರುವುದಿಲ್ಲ. ಎಲೆ ಅದೇ, ಚಿಪ್ಸ್ ಅದೇ, ಹಾಕುವ ಹೊತ್ತು ಮಾತ್ರ ಬದಲಾಯಿತು.

ಕಾಲ್ ಮಾಡುವ ಲೆಕ್ಕ ಹೆಚ್ಚು ಹೇಳುವುದಿಲ್ಲ, ಒಂದು ಉದಾಹರಣೆ ಸಾಕು. ಬಟನ್‌ನವರು ಎಂಟು ಬ್ಲೈಂಡ್, 3200 ಎಲ್ಲಾ ಹಾಕಿದ್ದಾರೆ. ನೀವು ದೊಡ್ಡ ಬ್ಲೈಂಡ್. ಇನ್ನು 2800 ಹಾಕಬೇಕು, ಒಟ್ಟು 7000 ಆಗುತ್ತದೆ. 40 ಪಾಲು ಗೆಲುವಿದ್ದರೆ ಸರಿ. ಅವರು ಎಂಥೆಂಥ ಎಲೆಗೆ ಹಾಕುತ್ತಾರೆ ಅಂತ ಊಹಿಸಿ, ಅದರ ಎದುರು ನಿಮ್ಮ ಎಲೆಗೆ 40 ಇದೆಯಾ ಅಂತ ಕೇಳಿಕೊಳ್ಳಿ. ನಮ್ಮ ಮಾವ ಹಾಕಿದರೆ ಇರುತ್ತದೆ, ಅವರು ಬಟನ್‌ನಲ್ಲಿ ತುಂಬ ಎಲೆಗೆ ಹಾಕುತ್ತಾರೆ. ದಲಾಲಿ ಅಂಗಡಿಯ ದೊಡ್ಡಣ್ಣ ಹಾಕಿದರೆ ಎಕ್ಕ-ಹತ್ತನ್ನೂ ನಾನು ಬಿಡುತ್ತೇನೆ.

ತಾಳ್ಮೆಯ ಪರ ಮಾತಾಡುವವರು ಜ್ಯಾಕ್ ಸ್ಟ್ರಾಸ್ ಕಥೆ ಹೇಳದೆ ಬಿಡುವುದಿಲ್ಲ. 1982ರ ವಿಶ್ವ ಸರಣಿಯ ಮುಖ್ಯ ಪಂದ್ಯದಲ್ಲಿ ಅವರ ಹತ್ತಿರ ಒಂದೇ ಒಂದು ಚಿಪ್ ಉಳಿದಿತ್ತು. ಅಲ್ಲಿಂದ ಎದ್ದು 104 ಜನರಲ್ಲಿ ಮೊದಲಿಗರಾದರು, 5,20,000 ಡಾಲರ್ ಗೆದ್ದರು. ಅದ್ಭುತವಾದ ಕಥೆ, ನನಗೂ ಪ್ರಾಣ. ಆದರೆ ಅದರಿಂದ ಕಾಯುವುದನ್ನು ಕಲಿಯಬೇಕು ಅಂದರೆ ನಾನು ಒಪ್ಪುವುದಿಲ್ಲ. ಒಂದು ಚಿಪ್ ಎತ್ತಿಟ್ಟುಕೊಂಡು ಕೂತಿದ್ದರೆ ಮುಂದಿನ ಬ್ಲೈಂಡೇ ಅದನ್ನು ನುಂಗುತ್ತಿತ್ತು. ಒಂದು ಎರಡಾಗಬೇಕು, ಎರಡು ನಾಲ್ಕಾಗಬೇಕು ಅಂದರೆ ಪ್ರತಿ ಸಲವೂ ಹಾಕಲೇಬೇಕು.

ಇಷ್ಟು ಹೊತ್ತು ಹಾಕಿ ಹಾಕಿ ಅಂದೆ. ಈಗ ಅದಕ್ಕೆ ಕಡಿವಾಣ ಎಲ್ಲಿ ಅಂತ ಹೇಳಬೇಕು, ಯಾಕಂದರೆ ನನಗೆ ಅತ್ಯಂತ ಖುಷಿ ಕೊಟ್ಟ ಲೆಕ್ಕ ಇದು. ಕೊನೆಗೆ ಮೂವರು ಉಳಿದಿದ್ದಾರೆ. ಲೆಕ್ಕ ಸುಲಭವಾಗಲಿ ಅಂತ ಒಟ್ಟು ಚಿಪ್ಸ್ 10,000 ಅನ್ನೋಣ: ಒಬ್ಬರಿಗೆ 5000, ಒಬ್ಬರಿಗೆ 3000, ನಿಮಗೆ 2000. ಹಂಚೋಕಿರುವ ಅಂಕ 50, 30, 20. ಚಿಪ್ಸಿನಲ್ಲಿ ನಿಮ್ಮ ಪಾಲು ನೂರಕ್ಕೆ 20. ಅಂಕದಲ್ಲೂ ಅಷ್ಟೇನಾ? ಒಂದು ಭಾನುವಾರ ಆಟ ನಿಲ್ಲಿಸಿ ಮಾಸ್ತರು ಗಿರಣಿಯ ತೂಕದ ಚೀಟಿಯ ಹಿಂದೆ ಇದನ್ನು ಬಿಡಿಸಿದರು. ಮೊದಲ ಸ್ಥಾನ ಸಿಗುವ ಸಾಧ್ಯತೆ ಚಿಪ್ಸಿನ ಪಾಲಿನಷ್ಟು, ಅಂದರೆ 20. ಮೊದಲನೆಯವರನ್ನು ತೆಗೆದಿಟ್ಟು ಉಳಿದವರ ಚಿಪ್ಸಿನ ಪಾಲಿನಲ್ಲಿ ಎರಡನೆಯ ಸ್ಥಾನ ಹಂಚಿದರೆ 28.6. ಉಳಿದ 51.4 ಮೂರನೆಯ ಸ್ಥಾನಕ್ಕೆ. ಇದನ್ನು ಅಂಕಕ್ಕೆ ಗುಣಿಸಿ ಕೂಡಿದರೆ ನಿಮ್ಮ ಪಾಲು 28.9 ಅಂಕ. ಎರಡನೆಯವರಿಗೆ 32.75. ಅರ್ಧ ಚಿಪ್ಸ್ ಇಟ್ಟುಕೊಂಡವರಿಗೆ 38.4 ಮಾತ್ರ.

ಇದಕ್ಕೆ ಐಸಿಎಂ, ಅಂದರೆ ಇಂಡಿಪೆಂಡೆಂಟ್ ಚಿಪ್ ಮಾಡೆಲ್, ಅನ್ನುತ್ತಾರೆ. ಇದರ ಸೂತ್ರ ಬಂದದ್ದು ಕುದುರೆ ರೇಸಿನಿಂದ, 1973ರಲ್ಲಿ ಡೇವಿಡ್ ಹಾರ್ವಿಲ್ ಬರೆದದ್ದು. ಪೋಕರ್ ಲೇಖಕ ಮೇಸನ್ ಮಾಲ್ಮತ್ ಅದನ್ನು 1980ರ ದಶಕದಲ್ಲಿ ಪೋಕರ್‌ಗೆ ತಂದರು. ಇದು ಹೇಳುವುದು ಇಷ್ಟು: ಕಮ್ಮಿ ಇರುವವರ ಒಂದೊಂದು ಚಿಪ್ಪಿಗೆ ಬೆಲೆ ಜಾಸ್ತಿ.

ಮಾಸ್ತರು ಅಲ್ಲಿಗೇ ನಿಲ್ಲಿಸಲಿಲ್ಲ. 5000 ಇರುವವರು ನಿಮ್ಮ ಮೇಲೆ ಎಲ್ಲಾ ಹಾಕಿದ್ದಾರೆ, ನೀವು ಕಾಲ್ ಮಾಡಬೇಕಾ? ಬ್ಲೈಂಡ್ ಪಕ್ಕಕ್ಕಿಡೋಣ. ಗೆದ್ದರೆ ನಿಮ್ಮ ಹತ್ತಿರ 4000, ಉಳಿದ ಇಬ್ಬರ ಹತ್ತಿರ ತಲಾ 3000. ಆಗ ನಿಮ್ಮ ಪಾಲು 35.4 ಅಂಕ. ಸೋತರೆ ಮೂರನೆಯ ಸ್ಥಾನದ 20. ಈಗ ಕೈಯಲ್ಲಿರುವುದು 28.9. ಗೆದ್ದರೆ ಸಿಗುವುದು ಆರೂವರೆ, ಸೋತರೆ ಹೋಗುವುದು ಸುಮಾರು ಒಂಬತ್ತು. ಸಮ ಆಗಬೇಕಾದರೆ ನೂರಕ್ಕೆ 57 ಗೆಲುವು ಬೇಕು. ಚಿಪ್ಸಿನ ಲೆಕ್ಕದಲ್ಲಿ 50 ಸಾಕಾಗಿತ್ತು. ಮಾವ ಚೀಟಿ ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. "ಅಂದ್ರ ನಾ ಹಾಕಿದ್ರ ಚೊಲೋ, ಅವರು ಹಾಕಿದ್ಮ್ಯಾಲ ನಾ ಹೋಗಬಾರ್ದು, ಹಂಗಲ್ಲೇನ್ರಿ ಮಾಸ್ತರ?" ಅಂದರು. ಹಂಗೇ. ಎದುರಿನವರಿಗೂ ಇದೇ ಲೆಕ್ಕ ಇದೆ ಅನ್ನೋದು ಇದರ ಇನ್ನೊಂದು ಮುಖ. 3000 ಇರುವವರು ನಿಮಗಿಂತ ಮೊದಲು ಹೊರಗೆ ಹೋಗೋಕೆ ಇಷ್ಟಪಡುವುದಿಲ್ಲ. ನೀವು ಮೊದಲು ಹಾಕಿದರೆ ಅವರೂ ಹಿಂದೆ ಸರಿಯುತ್ತಾರೆ.

ಬರುವ ಯುಗಾದಿಯಿಂದ ಬ್ಲೈಂಡಿನ ಹೊತ್ತನ್ನು 20 ನಿಮಿಷ ಮಾಡೋಣ ಅಂತ ಮಾಸ್ತರು ಹೇಳುತ್ತಿದ್ದಾರೆ. ಸ್ಟಾಕ್ ದೊಡ್ಡದಿದ್ದಾಗಿನ ಆಟಕ್ಕೆ ಇನ್ನಷ್ಟು ಹೊತ್ತು ಸಿಗುತ್ತದೆ, ಫ್ಲಾಪ್ ಆದ ಮೇಲೆ ಆಡುವುದನ್ನೂ ಜನ ಕಲಿಯುತ್ತಾರೆ ಅನ್ನೋದು ಅವರ ವಾದ. ಅದು ಸರಿಯೇ. ಆದರೂ ನಾನು 15ಕ್ಕೇ ಕೈ ಎತ್ತುತ್ತೇನೆ. ಇಪ್ಪತ್ತು ಮಾಡಿದರೆ ಕೊನೆಯ ಮೂವರ ಆಟ ದೀಪ ಹಚ್ಚುವ ಹೊತ್ತಿಗೆ ಬರುತ್ತದೆ. ಒಬ್ಬರಿಗೆ ಅಂಗಡಿ ತೆರೆಯಬೇಕು, ಒಬ್ಬರಿಗೆ ಸೋಮವಾರದ ಪಾಠ ನೋಡಿಕೊಳ್ಳಬೇಕು, ಎಲ್ಲರೂ ಗಡಿಬಿಡಿಯಲ್ಲಿ ಆಡುತ್ತಾರೆ. 57 ಬೇಕಾದ ಕಡೆ 50ಕ್ಕೇ ಕಾಲ್ ಮಾಡಿ ಎದ್ದು ಹೋಗುತ್ತಾರೆ. ಮಾಸ್ತರು ಇನ್ನೂ ಒಪ್ಪಿಲ್ಲ. ಯುಗಾದಿಗೆ ಹೊತ್ತಿದೆ, ಒಪ್ಪಿಸುತ್ತೇನೆ.